ರೇಡಿಯೊ ಆರಿಸಿದ ಮೇಲೆ ಶುರುವಾಗುವ ಪಾಠ

ಧಾರವಾಡ, ಬೆಳಗಾವಿಗಳು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. 1956ರ ಆರಂಭದಲ್ಲಿ ಪುಣೆ ಆಕಾಶವಾಣಿ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗಕ್ಕೆ ಕೈಹಾಕಿತು. ಅದೇ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ಕೇಳುಗ ಕೂಟಗಳು ಹುಟ್ಟಿಕೊಂಡವು. ವಾರಕ್ಕೆರಡು ಬಾರಿ, ಅರ್ಧ ಗಂಟೆಯ ಕಾರ್ಯಕ್ರಮ. ಬೇಸಾಯ, ಆರೋಗ್ಯ, ಶಾಲೆ, ಪಂಚಾಯಿತಿ ಎಲ್ಲವೂ ಅದರಲ್ಲಿ ಬರುತ್ತಿದ್ದವು. ಕೆನಡಾದಲ್ಲಿ 1941ರಿಂದ ನಡೆಯುತ್ತಿದ್ದ ರೈತ ರೇಡಿಯೊ ಕೂಟಗಳೇ ಇದಕ್ಕೆ ಮಾದರಿ.

ಕಾರ್ಯಕ್ರಮ ಮುಗಿದೊಡನೆ ರೇಡಿಯೊ ಆರಿಸಿ ಎಲ್ಲರೂ ಚರ್ಚೆಗೆ ಕೂರುತ್ತಿದ್ದರು. ಬಗೆಹರಿಯದ ಪ್ರಶ್ನೆಗಳನ್ನು ಸಂಚಾಲಕರು ಬರೆದು ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಉತ್ತರ ಮುಂದಿನ ಪ್ರಸಾರಗಳಲ್ಲಿ ಬರುತ್ತಿತ್ತು. ಪ್ರಯೋಗವನ್ನು ಅಳೆದವರು ಸಮಾಜವಿಜ್ಞಾನಿ ಪಾಲ್ ನ್ಯೂರಾತ್. ರೇಡಿಯೊ ಇದ್ದೂ ಕೂಟವಿಲ್ಲದ ಹಳ್ಳಿಗಳಿಗಿಂತ ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳ ಹೆಚ್ಚಿತ್ತು. ಕೆಲವು ಊರುಗಳು ಬಾವಿ ತೋಡಲು, ಉತ್ತಮ ತಳಿಯ ಹೋರಿ ತರಲು, ಬಾಲವಾಡಿ ತೆರೆಯಲು ಮುಂದಾದವು.

ಒಂದೇ ದನಿ ಇಷ್ಟು ಬೇರೆ ಫಲ ಕೊಟ್ಟದ್ದೇಕೆ? ಗೊಬ್ಬರದ ಬಗ್ಗೆ ಒಬ್ಬನೇ ಕೇಳಿದ ಮಾತು ಬೆಳಗಾಗುವುದರೊಳಗೆ ಮಸುಕಾಗುತ್ತದೆ. ಪಕ್ಕದವನು "ನಮ್ಮದು ಗರಸು ನೆಲ, ಇಲ್ಲಿ ಅದು ಹಿಡಿಯುತ್ತದೆಯೇ?" ಎಂದು ಕೇಳಿದರೆ, ರೇಡಿಯೊದಲ್ಲಿ ಕೇಳಿದ್ದನ್ನು ನೆನಪಿನಿಂದ ಹೆಕ್ಕಿ ತನ್ನ ಮಾತಿನಲ್ಲಿ ಹೇಳಬೇಕಾಗುತ್ತದೆ. ಹಾಗೆ ಹೆಕ್ಕುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ. ಜೊತೆಗೆ, ಹತ್ತು ಜನರೆದುರು "ಈ ಸಲ ಮಾಡಿ ನೋಡುತ್ತೇನೆ" ಎಂದವನು ಸುಲಭವಾಗಿ ಹಿಂಜರಿಯುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಇದನ್ನೇ ಪರೀಕ್ಷಿಸಿದ್ದರು. ರೂಢಿಯಲ್ಲಿಲ್ಲದ ಮಾಂಸವನ್ನು ಅಡುಗೆಗೆ ಬಳಸಿರೆಂಬ ಉಪನ್ಯಾಸ ಕೇಳಿದ ಗೃಹಿಣಿಯರಲ್ಲಿ ಶೇ 3ರಷ್ಟು ಮಂದಿ ಮಾತ್ರ ಬಳಸಿದರು. ಒಟ್ಟಾಗಿ ಚರ್ಚಿಸಿ ತೀರ್ಮಾನಿಸಿದವರಲ್ಲಿ ಶೇ 32ರಷ್ಟು ಮಂದಿ ಬಳಸಿದರು.

ನಮ್ಮಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಎಂಬ ಸಮುದಾಯ ರೇಡಿಯೊವನ್ನು, ಅಂದರೆ ಊರಿನವರೇ ನಡೆಸಿದ ರೇಡಿಯೊವನ್ನು, ನೆನೆಯಲೇಬೇಕು. ಸ್ವಯಂಸೇವಾ ಸಂಸ್ಥೆಗಳು ಸಮುದಾಯ ರೇಡಿಯೊ ನಡೆಸಲು ಸರ್ಕಾರ ಅನುಮತಿ ಕೊಟ್ಟದ್ದು 2006ರಲ್ಲಿ. ಅದಕ್ಕೂ ಮೊದಲೇ ಅಲ್ಲಿನ ಜನ, ಅದರಲ್ಲೂ ಮಹಿಳಾ ಸಂಘದವರು, ತಾವೇ ದನಿ ಮುದ್ರಿಸಿ ಕೇಬಲ್ ಮೂಲಕ ಮನೆಗಳಿಗೆ ತಲುಪಿಸಿದರು.

ಇಂದು ಕೃಷಿ ತಜ್ಞರ ಧ್ವನಿಮುದ್ರಿಕೆಗಳಿಗೆ ಬರವಿಲ್ಲ. ಆದರೆ ಒಬ್ಬೊಬ್ಬರ ಮೊಬೈಲಿಗೆ ಬಂದು, ಒಬ್ಬೊಬ್ಬರೇ ಕೇಳಿ ಮುಗಿಯುತ್ತವೆ. ಸಂಜೆ ಹಾಲು ಹಾಕಲು ಜನ ಸೇರುವ ಡೇರಿಯಲ್ಲಿ ಅದೇ ಮುದ್ರಿಕೆಯನ್ನು ಗಟ್ಟಿಯಾಗಿ ಹಾಕಿ, ಅರ್ಧ ಗಂಟೆ ಚರ್ಚಿಸಿ, ಪ್ರಶ್ನೆಗಳನ್ನು ದನಿಯಲ್ಲೇ ಹಿಂದಕ್ಕೆ ಕಳುಹಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಆ ತುದಿಯಲ್ಲಿ, ಮುಂದಿನ ವಾರದೊಳಗೆ ಉತ್ತರಿಸುವ ಹೊಣೆ ಹೊತ್ತ ಒಬ್ಬ ಕೃಷಿ ಅಧಿಕಾರಿ ಇರಬೇಕು.