ರಿಕವರಿ 98 ಬಂತು, ಸರಿ. ಸೀಸ ಸಿಕ್ಕಿತಾ?

ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗರು ವ್ಯಾಲಿಡೇಷನ್ ಫೈಲ್, ಅಂದರೆ ಪರೀಕ್ಷೆಯ ವಿಧಾನ ನಂಬಬಹುದು ಅನ್ನುವ ದಾಖಲೆ, ತಂದಾಗ ಮೊದಲು ತೋರಿಸುವುದು ಸ್ಪೈಕ್ ರಿಕವರಿಯನ್ನು: ಗೊತ್ತಿರುವಷ್ಟು ಸೀಸ ಸ್ಯಾಂಪಲ್‌ಗೆ ನಾವೇ ಬೆರೆಸಿ, ಅದರಲ್ಲಿ ಎಷ್ಟು ಮರಳಿ ಸಿಕ್ಕಿತು ಅನ್ನುವ ಲೆಕ್ಕ. ‘ಸರ್, 98 ಪರ್ಸೆಂಟ್ ಬಂದಿದೆ.’ ಸಂತೋಷ. ಆದರೆ ಸ್ಪೈಕ್ ಅಂತ ಹಾಕಿದ್ದೇನು? ಆಗಲೇ ಆಸಿಡ್‌ನಲ್ಲಿ ಕರಗಿರುವ ಸೀಸ. ಅದು ಕಳೆದುಹೋಗದೆ ಮಷಿನ್ ತಲುಪಿತು ಅಂತ ಮಾತ್ರ ಈ 98 ಹೇಳುತ್ತದೆ. ಪುಡಿಯಲ್ಲೇ ಇದ್ದ ಸೀಸ ಹೊರಗೆ ಬಂತಾ, ನಾವು ತೂಗಿದ ಚಿಟಿಕೆಯಲ್ಲಿ ಅದು ಇತ್ತಾ ಅನ್ನುವುದು ಬೇರೆಯೇ ಪ್ರಶ್ನೆ.

ಅರಿಶಿನದ ಪುಡಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅದಕ್ಕೆ ಸೀಸದ ಮಿತಿ ಕಿಲೋಗೆ 10 ಮಿಲಿಗ್ರಾಂ, ಅಂದರೆ 10 ಪಿಪಿಎಂ. ಮಣ್ಣಿನಿಂದ ಬರುವ ಸೀಸ ಸಾಮಾನ್ಯವಾಗಿ ಇದಕ್ಕಿಂತ ತುಂಬಾ ಕಡಿಮೆ. ಜಾಸ್ತಿ ಬಂದರೆ ಅನುಮಾನ ಹೋಗುವುದು ಲೆಡ್ ಕ್ರೋಮೇಟ್ ಮೇಲೆ. ಮಂಕಾದ ಕೊಂಬಿಗೆ ಪಾಲಿಶ್ ಮಾಡುವಾಗ ಹೊಳಪು ಬರಲಿ ಅಂತ ಹಚ್ಚುವ ಹಳದಿ ಬಣ್ಣ ಅದು. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಸ್ಯಾಂಪಲ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಸಿಕ್ಕಿತ್ತು. ಅಲ್ಲಿನ ಸರ್ಕಾರ ದಾಳಿ, ದಂಡ, ಪ್ರಚಾರ ಎಲ್ಲ ಮಾಡಿದ ಮೇಲೆ 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು.

ಈ ಬಣ್ಣ ಪುಡಿಯಲ್ಲಿ ಸಮನಾಗಿ ಹರಡಿರುವುದಿಲ್ಲ, ತೊಂದರೆ ಅಲ್ಲೇ. ಒಂದು ಲೆಕ್ಕ ಹಾಕೋಣ. 0.1 ಮಿಲಿಮೀಟರ್ ದಪ್ಪದ ಒಂದೇ ಒಂದು ಲೆಡ್ ಕ್ರೋಮೇಟ್ ಕಣ. ಸಾಂದ್ರತೆ 6ರ ಆಸುಪಾಸು, ಅದರಲ್ಲಿ ಸೀಸ ಶೇ. 64. ಆ ಕಣದಲ್ಲಿರುವ ಸೀಸ ಸುಮಾರು 2 ಮೈಕ್ರೋಗ್ರಾಂ. ನಾವು ಡೈಜೆಶನ್‌ಗೆ, ಅಂದರೆ ಆಸಿಡ್‌ನಲ್ಲಿ ಬಿಸಿ ಮಾಡಿ ಕರಗಿಸಲು, ತೂಗುವುದು ಅರ್ಧ ಗ್ರಾಂ. ಅಂದರೆ ಆ ಒಂದು ಕಣ ನಮ್ಮ ಟ್ಯೂಬಿಗೆ ಬಿದ್ದರೆ ರಿಪೋರ್ಟ್ 4 ಪಿಪಿಎಂ ಮೇಲೇರುತ್ತದೆ. 7 ಇದ್ದದ್ದು 11 ಆಯಿತು, ಸ್ಯಾಂಪಲ್ ಫೇಲ್. ಪಕ್ಕದ ಟ್ಯೂಬಿನಲ್ಲಿ ಅದೇ ಪುಡಿ ಪಾಸ್. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ, ಒಬ್ಬರ ತಟ್ಟೆಗೆ ಬಂತು, ಇನ್ನೊಬ್ಬರಿಗೆ ಬರಲಿಲ್ಲ.

ಹಾಗಾಗಿ ವಿಧಾನ ಸುಧಾರಿಸಬೇಕು ಅಂದರೆ ಮೊದಲು ಮಷಿನ್ ಸೆಟ್ಟಿಂಗ್ ಮುಟ್ಟಬೇಡಿ. ಪುಡಿಯನ್ನು ಇನ್ನೂ ನುಣ್ಣಗೆ ಮಾಡಿ, ಜರಡಿ ಹಿಡಿಯಿರಿ, ಜರಡಿಯ ಮೇಲೆ ಉಳಿದದ್ದನ್ನು ಎಸೆಯದೆ ಮತ್ತೆ ಅರೆದು ಸೇರಿಸಿ. ಆಮೇಲೆ ಮೂರು ಬಾರಿ ಬೇರೆ ಬೇರೆ ತೂಗಿ. ಒಂದೇ ಟ್ಯೂಬನ್ನು ಮೂರು ಸಲ ಓದಿಸಿ ‘ಆರ್‌ಎಸ್‌ಡಿ (ಓದುಗಳ ನಡುವಿನ ಏರುಪೇರು) ಚೆನ್ನಾಗಿದೆ’ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಅರೆಯುವ ಜಾರ್ ಸ್ಟೀಲಿನದಾಗಿದ್ದರೆ ಎಚ್ಚರ. ಕೊಂಬು ಗಟ್ಟಿ, ಬ್ಲೇಡಿನಿಂದ ಕ್ರೋಮಿಯಂ, ನಿಕಲ್ ಸವೆದು ಪುಡಿಗೆ ಸೇರುತ್ತವೆ.

‘ಹಾಗಿದ್ದರೆ ಅರ್ಧ ಗ್ರಾಂ ಬದಲು ಒಂದು ಗ್ರಾಂ ತೂಗಿದರಾಯಿತು, ಅಲ್ವಾ?’ ಅಂತ ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ಅರಿಶಿನದಲ್ಲಿ ಎಣ್ಣೆ ಅಂಶ ಇದೆ, ನೈಟ್ರಿಕ್ ಆಸಿಡ್ ಜೊತೆ ಸೇರಿದರೆ ಗ್ಯಾಸ್ ಏಳುತ್ತದೆ. ಮುಚ್ಚಿದ ಮೈಕ್ರೋವೇವ್ ವೆಸೆಲ್‌ನಲ್ಲಿ ಒತ್ತಡ ಮಿತಿ ಮೀರಿದರೆ ಗ್ಯಾಸ್ ಜೊತೆ ಸ್ಯಾಂಪಲ್ಲೂ ಹೊರಗೆ ಹೋಗುತ್ತದೆ. ಅದಕ್ಕೇ ಆಸಿಡ್ ಹಾಕಿ ಮುಚ್ಚಳ ಸಡಿಲ ಬಿಟ್ಟು, ಹೊಗೆ ಇಳಿಯುವವರೆಗೆ ಫ್ಯೂಮ್ ಹುಡ್‌ನಲ್ಲಿ ಇಡಿ, ಆಮೇಲೆ ನಿಧಾನವಾಗಿ 200 ಡಿಗ್ರಿಗೆ ಏರಿಸಿ. ತೂಕ ಹೆಚ್ಚಿಸಲು ಆಗದಿದ್ದರೆ ಟ್ಯೂಬ್‌ಗಳ ಸಂಖ್ಯೆ ಹೆಚ್ಚಿಸಿ. ಸುಮ್ನೆ ಆಸಿಡ್ ಜಾಸ್ತಿ ಸುರಿಯುವುದು ಬೇಡ, ಬ್ಲಾಂಕೂ (ಸ್ಯಾಂಪಲ್ ಇಲ್ಲದ ಬರೀ ಆಸಿಡ್‌ನ ಓದು) ಏರುತ್ತದೆ.

ಇನ್ನೊಂದು ಮೋಸ ಹೋಗುವ ಜಾಗ ಇದೆ. ದ್ರಾವಣ ತಿಳಿಯಾಯಿತು ಅಂದರೆ ಇಂಗಾಲವೆಲ್ಲ ಹೋಯಿತು ಅಂತಲ್ಲ. ಬಿಸಿ ಸಾಲದಿದ್ದರೆ ನೈಟ್ರೋಬೆಂಜೋಯಿಕ್ ಆಸಿಡ್‌ನಂಥ ಗಟ್ಟಿ ಸಂಯುಕ್ತಗಳು ತಿಳಿ ದ್ರಾವಣದಲ್ಲೂ ಉಳಿದಿರುತ್ತವೆ. ಸೀಸಕ್ಕೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಕ್ರೋಮಿಯಂಗೆ ಇದೆ. ನಮ್ಮ ಮಷಿನ್ ಐಸಿಪಿ-ಎಂಎಸ್. ಅದು ಸ್ಯಾಂಪಲ್ಲನ್ನು ಪ್ಲಾಸ್ಮಾದಲ್ಲಿ, ಅಂದರೆ ತುಂಬಾ ಬಿಸಿಯಾದ ಅನಿಲದಲ್ಲಿ, ಅಯಾನುಗಳಾಗಿಸಿ ಅವುಗಳ ತೂಕ ನೋಡಿ ಗುರುತಿಸುತ್ತದೆ. ಆ ಅನಿಲ ಆರ್ಗಾನ್. ಆರ್ಗಾನ್ 40, ಇಂಗಾಲ 12, ಎರಡೂ ಕೂಡಿಕೊಂಡರೆ 52. ನಾವು ಅಳೆಯುವ ಕ್ರೋಮಿಯಂ ಕೂಡ 52. ಮಷಿನ್‌ಗೆ ಎರಡೂ ಒಂದೇ.

ಇಲ್ಲಿ ಕ್ರೋಮಿಯಂ ನಮಗೆ ಸಾಕ್ಷಿ, ಅದಕ್ಕೇ ಅದರ ಚಿಂತೆ. ಲೆಡ್ ಕ್ರೋಮೇಟ್‌ನಲ್ಲಿ ತೂಕದ ಲೆಕ್ಕದಲ್ಲಿ ಸೀಸ 4 ಭಾಗ, ಕ್ರೋಮಿಯಂ 1 ಭಾಗ. ಸೀಸ ಏರಿದ ಸ್ಯಾಂಪಲ್‌ಗಳಲ್ಲೆಲ್ಲ ಕ್ರೋಮಿಯಂ ಇದೇ ಅಳತೆಯಲ್ಲಿ ಏರಿದ್ದರೆ ಮಣ್ಣನ್ನು ದೂರುವ ಹಾಗಿಲ್ಲ. ಸುಳ್ಳು ಕ್ರೋಮಿಯಂ ಸೇರಿದರೆ ಈ ಸಾಕ್ಷಿ ಕೆಡುತ್ತದೆ. ಹೀಲಿಯಂ ಮೋಡ್‌ನಲ್ಲಿ, ಅಂದರೆ ಅಯಾನುಗಳ ದಾರಿಯಲ್ಲಿ ಹೀಲಿಯಂ ಅನಿಲ ಬಿಟ್ಟು, ಓದಿದರೆ ಜೋಡಿ ಅಯಾನುಗಳು ಹೀಲಿಯಂಗೆ ಹೆಚ್ಚು ಡಿಕ್ಕಿ ಹೊಡೆದು ವೇಗ ಕಳೆದುಕೊಂಡು ಹಿಂದೆ ಉಳಿಯುತ್ತವೆ. ಸೀಸವನ್ನು ಮಾತ್ರ 206, 207, 208 ಮೂರು ಐಸೋಟೋಪ್‌ಗಳನ್ನೂ (ತೂಕ ಬೇರೆ ಬೇರೆ ಇರುವ ಸೀಸದ ಪರಮಾಣುಗಳು) ಕೂಡಿಸಿ ಲೆಕ್ಕ ಹಾಕಿ. ಯಾವ ಗಣಿಯ ಅದಿರು ಅನ್ನುವುದರ ಮೇಲೆ ಇವುಗಳ ಪಾಲು ಬದಲಾಗುತ್ತದೆ.

ಪಾನೀಯಗಳಲ್ಲಿ ಕಣದ ಗೋಳು ಕಡಿಮೆ, ಆದರೆ ರಿಕವರಿ ಅಲ್ಲೂ ದಾರಿ ತಪ್ಪಿಸುತ್ತದೆ. ಎಳನೀರಿನಲ್ಲಿ ಆರ್ಸೆನಿಕ್ ನೋಡುತ್ತೀರಿ ಅಂದುಕೊಳ್ಳಿ. ಅದರಲ್ಲಿ ಕ್ಲೋರೈಡ್ ಇದೆ. ಆರ್ಗಾನ್ 40 ಜೊತೆ ಕ್ಲೋರಿನ್ 35 ಸೇರಿದರೆ 75. ಆರ್ಸೆನಿಕ್‌ಗೆ ಇರುವುದು ಆ 75 ಒಂದೇ, ಬೇರೆ ಐಸೋಟೋಪ್ ಆರಿಸಿಕೊಳ್ಳುವ ಹಾಗಿಲ್ಲ. ಸ್ಪೈಕ್ ಹಾಕದ ಎಳನೀರಿನಲ್ಲಿ ಎಷ್ಟು ಸುಳ್ಳು ಸಿಗ್ನಲ್ ಇದೆಯೋ ಸ್ಪೈಕ್ ಹಾಕಿದ್ದರಲ್ಲೂ ಅಷ್ಟೇ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಸುಳ್ಳೂ ಕಳೆದುಹೋಗಿ ರಿಕವರಿ ಅಚ್ಚುಕಟ್ಟಾಗಿ 98 ಬರುತ್ತದೆ! ರಿಪೋರ್ಟಿನಲ್ಲಿ ಮಾತ್ರ ಇಲ್ಲದ ಆರ್ಸೆನಿಕ್ ಕೂತಿರುತ್ತದೆ. ಸಾಲದ್ದಕ್ಕೆ ಸಕ್ಕರೆಯ ಇಂಗಾಲ ಆರ್ಸೆನಿಕ್ ಸಿಗ್ನಲನ್ನು ಇನ್ನಷ್ಟು ಎತ್ತುತ್ತದೆ. ಅದಕ್ಕೆ ಸ್ಟ್ಯಾಂಡರ್ಡು (ಹೋಲಿಕೆಗೆ ಇಡುವ, ಪ್ರಮಾಣ ಗೊತ್ತಿರುವ ದ್ರಾವಣ), ಬ್ಲಾಂಕು, ಸ್ಯಾಂಪಲ್ಲು ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿ ಸ್ವಲ್ಪ ಐಸೊಪ್ರೊಪನಾಲ್ (ಇಂಗಾಲ ಇರುವ ಒಂದು ಆಲ್ಕೋಹಾಲ್) ಸೇರಿಸಿ ಇಂಗಾಲದ ಪರಿಣಾಮ ಸಮ ಮಾಡಿಕೊಳ್ಳುವುದು ರೂಢಿ.

ಸೀಸ ಎಷ್ಟಿದೆ ಅಂತ ಪ್ರಮಾಣೀಕರಿಸಿ ಕೊಡುವ ಸರ್ಟಿಫೈಡ್ ರೆಫರೆನ್ಸ್ ಪುಡಿ ಓದಿಸಿದರೆ ಡೈಜೆಶನ್ ಸರಿಯಿದೆಯಾ ಅಂತ ಗೊತ್ತಾಗುತ್ತದೆ. ಆದರೆ ಅದು ಡಬ್ಬಿಯಲ್ಲಿ ಬರುವಾಗಲೇ ನುಣ್ಣಗಿರುತ್ತದೆ, ನಿಮ್ಮ ಅರೆಯುವ ಕೆಲಸದ ಪರೀಕ್ಷೆ ಅದರಲ್ಲಿ ಆಗುವುದಿಲ್ಲ. ನನ್ನ ಸಲಹೆ ಇಷ್ಟು: ಶುದ್ಧ ಅರಿಶಿನದ ಪುಡಿಗೆ ಒಣ ಲೆಡ್ ಕ್ರೋಮೇಟನ್ನೇ ತೂಗಿ ಬೆರೆಸಿ. ಮಾಸ್ಕ್, ಗ್ಲೌಸ್ ಹಾಕಿಕೊಂಡು, ಫ್ಯೂಮ್ ಹುಡ್ ಒಳಗೆ, ಸ್ವಲ್ಪ ಸ್ವಲ್ಪವಾಗಿ ಪುಡಿ ಸೇರಿಸುತ್ತಾ ತೆಳುಮಾಡಿ. ಇದನ್ನು ಅರೆಯುವುದರಿಂದ ಹಿಡಿದು ಕೊನೆಯವರೆಗೂ ಮಾಮೂಲಿ ಸ್ಯಾಂಪಲ್‌ನಂತೆಯೇ ಓಡಿಸಿ. ಆಗ ಬರುವ ರಿಕವರಿಯನ್ನು ಫೈಲಿನ ಮೊದಲ ಪುಟಕ್ಕೆ ಹಾಕಿ.