ಜಿಂಕೆಗೆಂದು ಎರಡು ಎಕರೆ ಬಿತ್ತಿದೆವು, ಹಗಲಲ್ಲಿ ಒಂದೂ ಕಾಣುತ್ತಿಲ್ಲ. ಇನ್ನೇನು ಬಿತ್ತಬೇಕು?

ಪ್ರಶ್ನೆ: ಅಮೆರಿಕದ ಪೂರ್ವ ಭಾಗದ ಹಳ್ಳಿಗಾಡಿನಲ್ಲಿ ನಮ್ಮದೊಂದು 40 ಎಕರೆ ಜಾಗವಿದೆ. ಬಹುಪಾಲು ಕಾಡು. ಬಯಲಿದ್ದ ಎರಡು ಎಕರೆಯಲ್ಲಿ ಜಿಂಕೆಗಳಿಗೆಂದು ಮಿಶ್ರ ಬೀಜ ಬಿತ್ತಿದೆವು. ಚೀಲದ ಮೇಲೆ ದೊಡ್ಡ ಕೊಂಬಿನ ಗಂಡು ಜಿಂಕೆಯ ಚಿತ್ರವಿತ್ತು. ಈಗ ಹೆಜ್ಜೆಗುರುತು ಕಾಣುತ್ತದೆ, ಎಲೆ ಕಚ್ಚಿದ ಗುರುತೂ ಇದೆ, ಆದರೆ ಬೆಳಕಿರುವಾಗ ಒಂದು ಜಿಂಕೆಯೂ ಬರುವುದಿಲ್ಲ. ಮುಂದಿನ ಸಲ ಯಾವ ಬೀಜ ಹಾಕಿದರೆ ಒಳ್ಳೆಯದು?

ಉತ್ತರ: ಬೀಜದ ಹೆಸರು ಹೇಳುತ್ತೇನೆ, ಆದರೆ ನಿಮ್ಮ ತೊಂದರೆ ಬೀಜದ್ದಲ್ಲ. ಬಿತ್ತದೆ ಬಿಟ್ಟ ಆ 38 ಎಕರೆಯದು. ಮೇಯುವುದಕ್ಕೆ ಜಿಂಕೆ ನಿಮ್ಮಲ್ಲಿಗೆ ರಾತ್ರಿ ಬರುತ್ತಿದೆ ಅಂದರೆ ಹಗಲನ್ನು ಬೇರೆಯವರ ಜಾಗದಲ್ಲಿ ಕಳೆಯುತ್ತಿದೆ ಎಂದರ್ಥ. ಅಲ್ಲಿ ಇರುವುದು, ನಿಮ್ಮಲ್ಲಿ ಇಲ್ಲದ್ದು ಏನು ಎಂದು ನೋಡಬೇಕು.

ಮೊದಲು ಅದರ ಹೊಟ್ಟೆಯಿಂದ ಶುರುಮಾಡೋಣ. ನಿಮ್ಮ ಕಡೆಯ ಬಿಳಿಬಾಲದ ಜಿಂಕೆಯೂ ಮೆಲುಕು ಹಾಕುತ್ತದೆ, ಅದಕ್ಕೂ ನಾಲ್ಕು ಕೋಣೆಯ ಹೊಟ್ಟೆ. ಹಾಗೆಂದು ಅದು ದನವಲ್ಲ. ದನದ ಮೊದಲ ಹೊಟ್ಟೆ ಪೀಪಾಯಿಯ ಹಾಗೆ. ಒರಟು ಹುಲ್ಲನ್ನು ತುಂಬಿಕೊಂಡು ನಿಧಾನವಾಗಿ ಹುದುಗಿಸಿಕೊಳ್ಳುತ್ತದೆ. ಜಿಂಕೆಯದು ಮೈಗೆ ಹೋಲಿಸಿದರೆ ಸಣ್ಣ ಚೀಲ. ಬಲಿತ ಹುಲ್ಲು ತುಂಬಿಕೊಂಡರೆ ಹೊಟ್ಟೆ ತುಂಬಿಯೂ ಸೊರಗುತ್ತದೆ. ಹಾಗಾಗಿ ಕಿರಿದಾದ ಮೂತಿಯಲ್ಲಿ ಆರಿಸಿ ಆರಿಸಿ ತಿನ್ನುತ್ತದೆ: ಇಲ್ಲೊಂದು ಚಿಗುರು, ಅಲ್ಲೊಂದು ಅಗಲ ಎಲೆಯ ಕಳೆ, ಉದುರಿದ ಹಣ್ಣು, ಓಕ್ ಕಾಯಿ. ಒಣ ತೂಕದ ಲೆಕ್ಕದಲ್ಲಿ ದಿನಕ್ಕೆ ತನ್ನ ಮೈತೂಕದ ಶೇ. 3ರ ಆಸುಪಾಸು ಮೇವು ಬೇಕು. ಅದನ್ನು ಒಂದೇ ಕಡೆ ನಿಂತು ಮುಗಿಸುವ ಪ್ರಾಣಿ ಅಲ್ಲವೇ ಅಲ್ಲ.

ಎರಡನೆಯದು ಓಡಾಟ. ಒಂದು ಜಿಂಕೆಯ ವಾಡಿಕೆಯ ತಿರುಗಾಟದ ವಲಯ ಸುಮಾರು ಒಂದು ಚದರ ಮೈಲಿ, ಅಂದರೆ 640 ಎಕರೆ, ಎಂದು ಸ್ಥೂಲವಾಗಿ ಹೇಳುತ್ತಾರೆ. ಹೆಣ್ಣಿನದು ಇದಕ್ಕಿಂತ ಕಡಿಮೆ ಇರಬಹುದು, ಬೆದೆಗಾಲದ ಗಂಡಿನದು ಹೆಚ್ಚು. ನಿಮ್ಮ 40 ಎಕರೆ ಅದರ ಹದಿನಾರನೆಯ ಒಂದು ಪಾಲು. ಕಾನೂನಿನ ಲೆಕ್ಕವೂ ಇದೇ ಧಾಟಿಯದು. ಅಮೆರಿಕದಲ್ಲಿ ನೆಲ ನಿಮ್ಮದಾದರೂ ಅದರ ಮೇಲೆ ಓಡಾಡುವ ಕಾಡುಪ್ರಾಣಿ ನಿಮ್ಮದಲ್ಲ; ಜನರ ಪರವಾಗಿ ರಾಜ್ಯ ಅದನ್ನು ನೋಡಿಕೊಳ್ಳುತ್ತದೆ. ನಿಮ್ಮ ಕೈಯಲ್ಲಿರುವುದು ಆ ಹದಿನಾರನೆಯ ಪಾಲನ್ನು ಹಗಲು ಮಲಗುವಷ್ಟು ನೆಮ್ಮದಿಯ ಜಾಗ ಮಾಡುವುದು ಮಾತ್ರ.

ಈಗ ಒಂದು ಸಣ್ಣ ಪರೀಕ್ಷೆ. ನಿಮ್ಮ ಕಾಡಿನ ನಡುವೆ ಹೋಗಿ ಮಂಡಿಯೂರಿ ಕುಳಿತು ಸುತ್ತ ನೋಡಿ. ಕಾಂಡಗಳ ನಡುವೆ ನೂರು ಮೀಟರ್ ದೂರ ಕಾಣುತ್ತಿದೆಯೇ? ಕಾಲಡಿ ಬರೀ ತರಗೆಲೆಯೇ? ನಿಮ್ಮ ಎದೆಮಟ್ಟದಿಂದ ಕೆಳಗೆ ಹಸಿರೇ ಇಲ್ಲವೇ? ಹಾಗಾದರೆ ಕಾರಣ ಸಿಕ್ಕಿತು. ಇಂಥ ಕಾಡು ನಮ್ಮ ಕಣ್ಣಿಗೆ ದೇವಸ್ಥಾನದ ಕಂಬಸಾಲಿನ ಹಾಗೆ ಚೆಂದ. ಜಿಂಕೆಗೆ ಅದು ಖಾಲಿ ಉಗ್ರಾಣ, ಮೇಲಾಗಿ ಬಾಗಿಲಿಲ್ಲದ ಮನೆ. ಮೇಲಿನ ಕೊಡೆ ಮುಚ್ಚಿಕೊಂಡಿರುವುದರಿಂದ ಬಿಸಿಲು ನೆಲ ಮುಟ್ಟುತ್ತಿಲ್ಲ. ಬಿಸಿಲಿಲ್ಲದ ಕಡೆ ಚಿಗುರೂ ಇಲ್ಲ, ಮರೆಯೂ ಇಲ್ಲ.

ಆದ್ದರಿಂದ ಮುಂದಿನ ಸಲದ ದುಡ್ಡು ಬೀಜಕ್ಕಲ್ಲ, ಗರಗಸಕ್ಕೆ.

ಕಾಡು ಕಡಿಯುವುದು ಅಂದಾಗ ಹೊಸದಾಗಿ ಜಮೀನು ಕೊಂಡವರ ಮುಖ ಸಪ್ಪಗಾಗುತ್ತದೆ. ಎಲ್ಲವನ್ನೂ ನೆಲಸಮ ಮಾಡಿ ಎನ್ನುತ್ತಿಲ್ಲ. ಚೆನ್ನಾಗಿ ಕಾಯಿ ಕೊಡುವ ಓಕ್‌ಗಳನ್ನು ಗುರುತಿಸಿ, ಅವುಗಳ ತಲೆಗೆ ತಲೆ ತಾಗಿಸಿ ನಿಂತ ಮೇಪಲ್, ಸ್ವೀಟ್‌ಗಮ್, ಬೀಚ್‌ನಂಥ ಪಕ್ಕದ ಮರಗಳನ್ನು ತೆಗೆಯಿರಿ. ಉಳಿದ ಓಕ್‌ಗೆ ಕೊಂಬೆ ಚಾಚಲು ಜಾಗ ಸಿಗುತ್ತದೆ, ನೆಲಕ್ಕೆ ಬಿಸಿಲು ಬೀಳುತ್ತದೆ. ಒಂದೆರಡು ಕಡೆ ಅರ್ಧ ಎಕರೆಯಿಂದ ಎರಡು ಎಕರೆಯಷ್ಟು ಪೂರ್ತಿ ತೆರಪು ಮಾಡಿದರೂ ತಪ್ಪಿಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಲ್ಲಿ ಬ್ಲ್ಯಾಕ್‌ಬೆರಿ, ಗ್ರೀನ್‌ಬ್ರೈಯರ್ ಬಳ್ಳಿ, ಪೋಕ್‌ವೀಡ್, ಕಡಿದ ಬುಡಗಳಿಂದ ಒಡೆದ ಚಿಗುರು ಎಲ್ಲ ಸೇರಿ ಮನುಷ್ಯ ನುಸುಳಲಾಗದ ಪೊದೆಯಾಗುತ್ತದೆ. ಜಿಂಕೆ ಮಲಗುವುದು ಅಲ್ಲಿ. ಕಡಿದ ಕೊಂಬೆಗಳನ್ನು ಗುಡಿಸಿ ಸುಡಲು ಹೋಗಬೇಡಿ. ಅಸ್ತವ್ಯಸ್ತವೇ ಇಲ್ಲಿ ಕೆಲಸಕ್ಕೆ ಬರುವುದು. ಮರವನ್ನು ಅರೆಗಡಿದು ಬಾಗಿಸಿ ಬಿಡುವ ಇನ್ನೊಂದು ಪದ್ಧತಿ ತುಂಬ ಜನಪ್ರಿಯ. ಅದರಲ್ಲಿ ಸೀಳಿದ ಕಾಂಡ ಎದೆಗೆ ಬಡಿಯುವ ಅಪಾಯವಿದೆ, ಬೆಲೆಬಾಳುವ ಮರವೂ ಹಾಳು. ಹೊಸಬರಿಗೆ ನಾನು ಹೇಳುವುದಿಲ್ಲ.

ದಕ್ಷಿಣದ ಪೈನ್ ಕಾಡಾದರೆ ಕ್ರಮ ಬೇರೆ: ಮರ ತೆಳುಗೊಳಿಸಿ, ಎರಡು ನಾಲ್ಕು ವರ್ಷಕ್ಕೊಮ್ಮೆ ಹದವಾದ ಬೆಂಕಿ ಹಾಯಿಸುತ್ತಾರೆ. ಇದಕ್ಕೆ ರಾಜ್ಯದ ಅನುಮತಿ, ಅನುಭವಿಗಳ ಜೊತೆ ಎರಡೂ ಬೇಕು. ಎಲ್ಲಿಯ ಕಾಡಾದರೂ ಮರ ಮಾರುವ ಮಾತು ಬಂದರೆ, ಕೊಳ್ಳುವವನನ್ನು ಕರೆಯುವ ಮುಂಚೆ ರಾಜ್ಯ ಅರಣ್ಯ ವಿಭಾಗದ ಅಧಿಕಾರಿಯನ್ನು ಕರೆದು ತೋರಿಸಿ. ಈ ಎರಡು ಫೋನ್‌ಗಳ ಕ್ರಮ ತಪ್ಪಿದರೆ ಒಳ್ಳೆಯ ಓಕ್‌ಗಳೇ ಮೊದಲು ಲಾರಿ ಹತ್ತುತ್ತವೆ.

ಓಕ್ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಪೂರ್ವ ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಕಾಡಿನ ಅನ್ನದಾತ ಅಮೆರಿಕನ್ ಚೆಸ್ಟ್‌ನಟ್ ಮರ. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮರಗಳಲ್ಲಿ ಕಂಡ ಶಿಲೀಂಧ್ರ ರೋಗ ಅರ್ಧ ಶತಮಾನದೊಳಗೆ ಕೋಟ್ಯಂತರ ಮರಗಳನ್ನು ಕೊಂದಿತು. ಆ ಜಾಗ ತುಂಬಿದ್ದು ಓಕ್. ಅದರಲ್ಲಿ ಎರಡು ಗುಂಪು. ಬಿಳಿ ಓಕ್ ಗುಂಪಿನ ಕಾಯಿ ಹೂ ಬಿಟ್ಟ ವರ್ಷವೇ ಬಲಿತು, ಉದುರಿದ ಕೂಡಲೇ ಮೊಳೆಯುತ್ತದೆ. ಒಗರು ಕಡಿಮೆಯಾದ್ದರಿಂದ ಜಿಂಕೆ ಮೊದಲು ಅದಕ್ಕೇ ಮುಗಿಬೀಳುತ್ತದೆ. ಕೆಂಪು ಓಕ್ ಗುಂಪಿನದು ಬಲಿಯಲು ಎರಡು ವರ್ಷ ಬೇಕು, ಒಗರು ಹೆಚ್ಚು, ಮೊಳಕೆ ಮುಂದಿನ ವಸಂತಕ್ಕೆ. ಹಾಗಾಗಿ ಚಳಿಗಾಲದ ಆಳದವರೆಗೂ ನೆಲದಲ್ಲಿ ಉಳಿಯುತ್ತದೆ. ಈ ವಸಂತದಲ್ಲಿ ಹಿಮ ಬಿದ್ದು ಹೂ ಕರಟಿದರೆ ಬಿಳಿ ಓಕ್‌ನ ಫಸಲು ಈ ವರ್ಷ ಕೈಕೊಡುತ್ತದೆ, ಕೆಂಪಿನದು ಮುಂದಿನ ವರ್ಷ. ಎರಡೂ ಇದ್ದ ಕಾಡಿನಲ್ಲಿ ಒಂದು ಕೈಕೊಟ್ಟಾಗ ಇನ್ನೊಂದು ನಡೆಸುತ್ತದೆ. ಅಂದಹಾಗೆ, ಓಕ್ ಕಾಯಿ ಉದುರುವ ವಾರಗಳಲ್ಲಿ ನೀವು ಬಿತ್ತಿದ ಮೇವಿನ ಕಡೆ ಯಾರೂ ತಿರುಗಿ ನೋಡದಿದ್ದರೆ ಬೇಸರಪಡಬೇಡಿ. ಹಬ್ಬದೂಟ ಬಿಟ್ಟು ಉಪ್ಪಿಟ್ಟಿಗೆ ಯಾರು ಬರುತ್ತಾರೆ?

ಬಯಲಿನ ಅಂಚುಗಳನ್ನೂ ನೋಡಿ. ಅಲ್ಲಿ ದಟ್ಟ ಚಾಪೆಯ ಹಾಗೆ ಹುಲ್ಲಿದ್ದರೆ ಬಹುಶಃ ಟಾಲ್ ಫೆಸ್ಕ್ಯೂ. ಕೆಂಟಕಿ 31 ಎಂಬ ತಳಿ 1943ರಲ್ಲಿ ಬಿಡುಗಡೆಯಾಗಿ ಹುಲ್ಲುಗಾವಲುಗಳನ್ನೆಲ್ಲ ಆವರಿಸಿಕೊಂಡಿತು. ದನಕ್ಕೆ ಹೇಗೋ ಆಯಿತು, ಕಾಡುಪ್ರಾಣಿಗೆ ಅದು ಹಸಿರು ಮರುಭೂಮಿ. ಬಾಬ್‌ವೈಟ್ ಗೌಜಲಕ್ಕಿಯ ಮರಿ, ಟರ್ಕಿ ಕೋಳಿಯ ಮರಿ ಆ ಚಾಪೆಯೊಳಗೆ ನಡೆಯಲಾರವು. ಅವುಗಳಿಗೆ ಬೇಕಾದ್ದು ಮೇಲೆ ಎಲೆಗಳ ಮರೆ, ಕೆಳಗೆ ಬರಿನೆಲ, ನಡುವೆ ಹುಳುಹುಪ್ಪಟೆ. ಮೊದಲ ಕೆಲವು ವಾರ ಟರ್ಕಿ ಮರಿಗಳು ಬೆಳೆಯುವುದು ಕೀಟಗಳ ಮೇಲೆ, ಕಾಳಿನ ಮೇಲಲ್ಲ. ಶರತ್ಕಾಲದಲ್ಲಿ ಫೆಸ್ಕ್ಯೂಗೆ ಕಳೆನಾಶಕ ಹೊಡೆದು, ಚಳಿಗಾಲದಲ್ಲಿ ನೆಲವನ್ನು ಹಗುರವಾಗಿ ಕೆದಕಿ ಬಿಟ್ಟರೆ ಸಾಕು, ಮಣ್ಣಲ್ಲಿ ಮಲಗಿದ್ದ ಬೀಜಗಳಿಂದ ರ‍್ಯಾಗ್‌ವೀಡ್ ಮುಂತಾದವು ಎದ್ದು ಬರುತ್ತವೆ. ಮನುಷ್ಯರ ಮೂಗಿಗೆ ಶತ್ರುವಾದ ಈ ರ‍್ಯಾಗ್‌ವೀಡ್‌ನ ಎಳೆ ಎಲೆ ಜಿಂಕೆಗೆ ಪುಷ್ಟಿಯ ಮೇವು, ಬೀಜ ಗೌಜಲಕ್ಕಿಗೆ ಚಳಿಗಾಲದ ಊಟ. ಬಿತ್ತನೆ ಖರ್ಚು ಸೊನ್ನೆ.

ಇನ್ನು ನೀವು ಕೇಳಿದ ಬೀಜ. ಅದಕ್ಕೂ ಮೊದಲು ಮಣ್ಣು. ಕೃಷಿ ವಿಶ್ವವಿದ್ಯಾಲಯಗಳ ಜ್ಞಾನವನ್ನು ರೈತರಿಗೆ ಮುಟ್ಟಿಸಲೆಂದು 1914ರಲ್ಲಿ ಕಾನೂನಿನ ಮೂಲಕ ಹುಟ್ಟಿದ ವಿಸ್ತರಣಾ ಸೇವೆ ಇಂದಿಗೂ ಇದೆ. ನಿಮ್ಮ ಕೌಂಟಿಯ ಕಚೇರಿಗೆ ಮಣ್ಣಿನ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಿ. ಪೂರ್ವದ ಕಾಡು ನೆಲ ಸಾಮಾನ್ಯವಾಗಿ ಹುಳಿ. ಮೇವಿಗೆ ಬೆಳೆಸುವ ಮೂರೆಲೆಯ ಗಿಡ ಕ್ಲೋವರ್‌ಗೆ ಮಣ್ಣಿನ ಹುಳಿಯ ಅಳತೆಯಾದ ಪಿಎಚ್ 6ರಿಂದ 7ರೊಳಗೆ ಬೇಕು. ಹುಳಿ ಮಣ್ಣಿಗೆ ಗೊಬ್ಬರ ಸುರಿಯುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಮೊದಲು ಕೃಷಿ ಸುಣ್ಣ, ಅದೂ ಬಿತ್ತುವ ಆರು ತಿಂಗಳು ಮುಂಚೆ. ಸುಣ್ಣ ಒಂದೇ ದಿನದಲ್ಲಿ ಕೆಲಸ ಮಾಡುವುದಿಲ್ಲ.

ಎರಡು ಎಕರೆಗೆ ನನ್ನ ಆಯ್ಕೆ ಸರಳ: ಶರತ್ಕಾಲದ ಆರಂಭದಲ್ಲಿ ಗೋಧಿ ಅಥವಾ ಧಾನ್ಯದ ರೈ, ಜೊತೆಗೆ ಬಿಳಿ ಕ್ಲೋವರ್. ರೈ ಬೇಗ ಎದ್ದು ಕಳೆಯನ್ನು ಅದುಮಿ ಚಳಿಗಾಲಕ್ಕೆ ಹಸಿರು ಕೊಡುತ್ತದೆ. ಅದರ ನೆರಳಲ್ಲಿ ಬೇರೂರಿದ ಕ್ಲೋವರ್ ಮುಂದಿನ ವಸಂತದಿಂದ ಮೂರ್ನಾಲ್ಕು ವರ್ಷ ನಡೆಯುತ್ತದೆ. ಅಂಗಡಿಯಲ್ಲಿ ರೈ ಕೇಳಿ ರೈಗ್ರಾಸ್ ತರಬೇಡಿ. ಹೆಸರು ಹತ್ತಿರ, ಗುಣ ದೂರ: ರೈಗ್ರಾಸ್ ಬೀಜ ಉದುರಿಸಿ ಹೊಲವನ್ನೇ ಹಿಡಿಯುವ ಹುಲ್ಲು. ಕ್ಲೋವರ್ ಬೀಜಕ್ಕೆ ಬೇರಿಗೆ ಸಾರಜನಕ ಒದಗಿಸುವ ಅದರದೇ ರೈಜೋಬಿಯಂ ಬ್ಯಾಕ್ಟೀರಿಯಾದ ಲೇಪನ ಇರಲಿ, ಕಾಲು ಅಂಗುಲಕ್ಕಿಂತ ಆಳ ಹೋಗದಿರಲಿ. ಅಲಸಂದೆ, ಸೋಯಾ ಬೇಸಿಗೆಗೆ ಒಳ್ಳೆಯದೇ, ಆದರೆ ಇಷ್ಟು ಸಣ್ಣ ಜಾಗದಲ್ಲಿ ಎರಡೆಲೆ ಬಿಡುವ ಮುಂಚೆಯೇ ಬೋಳು. ಚೌಕಾಕಾರದ ಎರಡು ಎಕರೆಯ ಬದಲು ಪೊದೆಯ ಪಕ್ಕದಲ್ಲಿ ಸಾಗುವ ಕಿರಿದಾದ, ಬಾಗಿದ ಪಟ್ಟಿ ಮಾಡಿ. ಮರೆಗೆ ಎರಡು ನೆಗೆತದ ದೂರವಿದ್ದರೆ ಜಿಂಕೆ ಬೆಳಕಿರುವಾಗಲೂ ಹೊರಗೆ ಬರುತ್ತದೆ.

ಚೀಲದ ಮೇಲಿನ ಚಿತ್ರ ನಂಬಬೇಡಿ ಎನ್ನುವುದಕ್ಕೆ ಇತಿಹಾಸವೂ ಸಾಕ್ಷಿ. ಆಟಮ್ ಆಲಿವ್, ಮಲ್ಟಿಫ್ಲೋರಾ ಗುಲಾಬಿ ಎಂಬ ಪೊದೆಗಿಡಗಳೆರಡನ್ನೂ ಕಳೆದ ಶತಮಾನದಲ್ಲಿ ವನ್ಯಜೀವಿಗೆ ಒಳ್ಳೆಯದೆಂದು ಸರ್ಕಾರವೇ ಹಂಚಿ ನೆಡಿಸಿತ್ತು. ಇವತ್ತು ಎಲ್ಲೆಂದರಲ್ಲಿ ಹಬ್ಬಿ ಕಾಟವಾದ ಅವನ್ನು ಕಿತ್ತು ಹಾಕಲು ಹಣ ಸುರಿಯುತ್ತಿದ್ದಾರೆ.

ಮೆಕ್ಕೆಜೋಳದ ರಾಶಿ ಸುರಿಯುವ ಯೋಚನೆ ಬಂದಿದ್ದರೆ ಬಿಡಿ. ನಡುಚಳಿಗಾಲದಲ್ಲಿ ಚಿಗುರು ಕಡ್ಡಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಮೆಕ್ಕೆಜೋಳ ಬಿದ್ದರೆ ಆಮ್ಲ ಏರಿ ಜಿಂಕೆ ಸಾಯುವುದುಂಟು. ಒಳಗಿನ ಸೂಕ್ಷ್ಮಜೀವಿಗಳು ಬದಲಾಗಲು ವಾರಗಳು ಬೇಕು. ಬೂಸ್ಟು ಹಿಡಿದ ಕಾಳಿನ ಅಫ್ಲಾಟಾಕ್ಸಿನ್ ಟರ್ಕಿಗಳಿಗೆ ವಿಷ. ಎಲ್ಲಕ್ಕಿಂತ ಮುಖ್ಯ, ಒಂದೇ ರಾಶಿಗೆ ಹತ್ತು ಮೂತಿ ಹಾಕಿದರೆ ರೋಗ ಹರಡುತ್ತದೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರದ ಮ್ಯೂಲ್ ಜಿಂಕೆಗಳಲ್ಲಿ ಮೊದಲು ಕಂಡ, ಜಿಂಕೆಯ ಮಿದುಳನ್ನು ಕೆಡಿಸಿ ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಕಾಯಿಲೆಗೆ ಮದ್ದಿಲ್ಲ. ಅದನ್ನು ಹರಡುವ ಪ್ರಿಯಾನ್ ಎಂಬ ವಿಕೃತ ಪ್ರೋಟೀನುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅನೇಕ ರಾಜ್ಯಗಳಲ್ಲಿ ಕಾಳು ಸುರಿಯುವುದು ಕಾನೂನುಬಾಹಿರ, ಬೆಳೆದು ನಿಂತ ಮೇವಿಗೆ ಆ ನಿರ್ಬಂಧ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹಕ್ಕಿಗಳ ವಿಷಯದಲ್ಲಿ ಫೆಡರಲ್ ನಿಯಮ ಇನ್ನೂ ವಿಚಿತ್ರ: ಬೆಳೆದ ಸೂರ್ಯಕಾಂತಿಯನ್ನು ಕತ್ತರಿಸಿ ಕೆಡವಿ ಬೆಳವಗಳನ್ನು ಬೇಟೆಯಾಡಬಹುದು, ಅದೇ ರೀತಿ ಬಾತುಕೋಳಿಗೆ ಮಾಡಿದರೆ ಅಪರಾಧ.

ಕೊನೆಗೊಂದು ಪಂಜರ. ಜಿಂಕೆ ಬಾಯಿ ಹಾಕದ ಹಾಗೆ ಮೂರು ನಾಲ್ಕು ಅಡಿ ಅಗಲಕ್ಕೆ ತಂತಿ ಬಲೆಯನ್ನು ಸುತ್ತಿ ಹೊಲದಲ್ಲೊಂದು, ಕಾಡಿನ ಹೊಸ ತೆರಪಿನಲ್ಲೊಂದು ನಿಲ್ಲಿಸಿ. ಒಳಗೂ ಹೊರಗೂ ಹಸಿರು ಒಂದೇ ಎತ್ತರವಿದ್ದರೆ ಮೇವು ಸಾಕಷ್ಟಿದೆ. ಒಳಗೆ ಮಂಡಿಯುದ್ದ, ಹೊರಗೆ ಬೋಳು, ಓಕ್ ಸಸಿಯ ಗುರುತೂ ಇಲ್ಲ ಎಂದಾದರೆ ಜಿಂಕೆಯೇ ಹೆಚ್ಚಾಗಿದೆ. 1900ರ ಹೊತ್ತಿಗೆ ಇಡೀ ದೇಶದಲ್ಲಿ ಐದು ಲಕ್ಷವೂ ಉಳಿದಿರಲಿಲ್ಲ ಎಂಬ ಅಂದಾಜಿರುವ ಬಿಳಿಬಾಲದ ಜಿಂಕೆ ಈಗ ಮೂರು ಕೋಟಿಯ ಹತ್ತಿರವಿದೆ. ಹಾಗಾದಾಗ ಇನ್ನೆರಡು ಎಕರೆ ಬಿತ್ತುವುದರಿಂದ ಏನೂ ಬಗೆಹರಿಯದು. ಪರವಾನಗಿ ಇರುವ ಬೇಟೆಗಾರರಿಗೆ ಹೆಣ್ಣು ಜಿಂಕೆ ತೆಗೆಯಲು ಅವಕಾಶ ಕೊಡಬೇಕಾಗುತ್ತದೆ. ಹಲವರಿಗೆ ಹಿಡಿಸದ ಮಾತು ಇದು. ಪಂಜರ ನೋಡಿ ನೀವೇ ತೀರ್ಮಾನಿಸಿ.

ಮರ ಕಡಿಯುವುದು ಚಳಿಗಾಲಕ್ಕಿರಲಿ. ಓಕ್ ಮರವನ್ನು ಬಾಡಿಸಿ ಕೊಲ್ಲುವ ಓಕ್ ವಿಲ್ಟ್ ರೋಗವಿರುವ ಕಡೆ ಏಪ್ರಿಲ್‌ನಿಂದ ಜುಲೈವರೆಗೆ ಓಕ್‌ಗೆ ಗಾಯ ಮಾಡಲೇಬಾರದು. ಆದರೆ ಯಾವುದನ್ನು ಉಳಿಸಬೇಕೆಂಬ ಗುರುತು ಎಲೆ ಇರುವಾಗಲೇ ಆಗಲಿ. ಎಲೆಯ ಹಾಲೆಗಳ ಅಂಚು ದುಂಡಗಿದ್ದರೆ ಬಿಳಿ ಓಕ್ ಗುಂಪು, ತುದಿಯಲ್ಲಿ ಮುಳ್ಳಿನಂಥ ಕೂದಲಿದ್ದರೆ ಕೆಂಪು. ಎರಡು ಬಣ್ಣದ ರಿಬ್ಬನ್ ತೆಗೆದುಕೊಂಡು ಹೋಗಿ.