ಆಡ್ ನೋಡ್ತೀನಲ್ಲ, ಮತ್ತೆ ದುಡ್ಡು ಬೇರೆ ಕೊಡ್ಬೇಕಾ?

ಪ್ರಶ್ನೆ: ನಾನು ತಪ್ಪದೇ ನೋಡೋ ಒಂದೆರಡು ಚಿಕ್ಕ ಕನ್ನಡ ಯೂಟ್ಯೂಬ್ ಚಾನೆಲ್ ಇವೆ, ತುಂಬಾ ಕಷ್ಟಪಟ್ಟು ಮಾಡ್ತಾರೆ. ಆಡ್ ಸ್ಕಿಪ್ ಮಾಡದೇ ನೋಡ್ತೀನಿ, ಅಷ್ಟು ಸಾಕಲ್ವಾ? ಕೊಡೋದೇ ಆದ್ರೆ ಹೇಗೆ ಕೊಟ್ರೆ ಅವರ ಕೈಗೆ ಜಾಸ್ತಿ ಸೇರುತ್ತೆ?

ಸಾಕಾಗಲ್ಲ, ಚಿಕ್ಕ ಚಾನೆಲ್ ಆದ್ರಂತೂ ಖಂಡಿತ ಸಾಕಾಗಲ್ಲ. ಮೊದಲನೇದಾಗಿ, ವಿಡಿಯೋ ಮೇಲೆ ಆಡ್ ಬಂತು ಅಂದ್ಕೂಡ್ಲೇ ಮಾಡಿದವರಿಗೆ ಪಾಲು ಹೋಯ್ತು ಅಂತ ತಿಳ್ಕೋಬೇಡಿ. ಆಡ್ ದುಡ್ಡಲ್ಲಿ ಪಾಲು ಸಿಗ್ಬೇಕು ಅಂದ್ರೆ 1000 ಸಬ್‌ಸ್ಕ್ರೈಬರ್ಸ್ ಇರ್ಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ನೋಡಿರ್ಬೇಕು, ಇಲ್ಲಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರ್ಬೇಕು. ಅಲ್ಲಿ ತನಕ ಯೂಟ್ಯೂಬ್ ಆ ವಿಡಿಯೋ ಮೇಲೆ ಆಡ್ ಹಾಕ್ಬಹುದು, ಬಂದಿದ್ದನ್ನ ಪೂರ್ತಿ ತಾನೇ ಇಟ್ಕೋಬಹುದು, 2020ರ ಕೊನೇಲಿ ರೂಲ್ಸ್ ಹಾಗೆ ಬದಲಾಯ್ತು. ನನ್ನ ಪ್ರಕಾರ ಇದು ಶುದ್ಧ ಅನ್ಯಾಯ.

ಆ ಗಡಿ ದಾಟಿದ್ಮೇಲೆ ದೊಡ್ಡ ವಿಡಿಯೋಗಳ ಆಡ್ ದುಡ್ಡಲ್ಲಿ 55% ಚಾನೆಲ್‌ಗೆ, ಶಾರ್ಟ್ಸ್ ಆದ್ರೆ ಅವರ ಪಾಲಿಗೆ ಬಂದಿದ್ದರಲ್ಲಿ 45%. ಕೇಳೋಕೆ ಚೆನ್ನಾಗೇ ಇದೆ, ಆದ್ರೆ ಆಡ್ ರೇಟ್ ಹರಾಜಲ್ಲಿ ಫಿಕ್ಸ್ ಆಗೋದು, ನೋಡೋರು ಎಲ್ಲಿದ್ದಾರೆ, ಏನ್ ಕೊಂಡ್ಕೊಳ್ತಾರೆ ಅನ್ನೋದರ ಮೇಲೆ ಕಂಪನಿಗಳು ಬಿಡ್ ಮಾಡ್ತವೆ, ಹಾಗಾಗಿ ಅಮೆರಿಕದಲ್ಲಿ ಕೂತು ನೋಡೋ ಕನ್ನಡಿಗರ ಒಂದು ವ್ಯೂಗೆ ಸಿಗೋದಕ್ಕೂ ಹಾಸನದಲ್ಲಿ ನೋಡೋರ ವ್ಯೂಗೆ ಸಿಗೋದಕ್ಕೂ ತುಂಬಾನೇ ಫರಕ್ ಇರುತ್ತೆ. ಅದರ ಮೇಲೆ ಆಡ್‌ಸೆನ್ಸ್ ಅಕೌಂಟಲ್ಲಿ (ಗೂಗಲ್ ಈ ದುಡ್ಡು ಜಮಾ ಮಾಡೋ ಅಕೌಂಟ್) 100 ಡಾಲರ್ ಆಗೋವರೆಗೂ ಬ್ಯಾಂಕಿಗೆ ಒಂದು ಪೈಸೆನೂ ಬರಲ್ಲ.

ಈ ಕಡೆ ಖರ್ಚು ನೋಡಿ. ನಂಗೆ ಗೊತ್ತಿರೋರೊಬ್ರು ಹಳೇ ಶಾಸನಗಳ ಬಗ್ಗೆ ವಿಡಿಯೋ ಮಾಡ್ತಾರೆ, ಕಲ್ಲು ಇರೋ ಊರಿಗೆ ಬಸ್ಸಲ್ಲಿ ಹೋಗಿ, ಪಾಚಿ ನಿಧಾನಕ್ಕೆ ಒರೆಸಿ, ಬೆಳಕು ಓರೆಯಾಗಿ ಬಿದ್ರೆ ಮಾತ್ರ ಅಕ್ಷರ ಕಾಣೋದು ಅಂತ ಸಂಜೆ ತನಕ ಕಾದು ಶೂಟ್ ಮಾಡ್ತಾರೆ. ಆಮೇಲೆ ಓದಿದ್ದು ಸರೀನಾ ಅಂತ ಕರ್ನಾಟಕದ ಶಾಸನಗಳನ್ನ ಅಚ್ಚು ಹಾಕಿರೋ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ತೆಗೆದು ನೋಡ್ಬೇಕು, ಎಡಿಟ್ ಮಾಡ್ಬೇಕು, ಸಬ್‌ಟೈಟಲ್ ಕೂರಿಸ್ಬೇಕು. ಇಂಥಾ ವಿಡಿಯೋ ಲಕ್ಷಗಟ್ಟಲೆ ಜನ ನೋಡಲ್ಲ, ನೋಡೋ ಜನಕ್ಕೆ ಮಾತ್ರ ಬೇರೆ ಎಲ್ಲೂ ಸಿಗಲ್ಲ. ವ್ಯೂಸ್ ಲೆಕ್ಕದಲ್ಲಿ ಈ ಕೆಲಸಕ್ಕೆ ಬೆಲೆ ಯಾವತ್ತೂ ಹುಟ್ಟಲ್ಲ, ಅದನ್ನ ನೋಡೋ ನಾವೇ ಕಟ್ಬೇಕು.

ಈಗ ಹೇಗೆ ಕೊಡೋದು ಅನ್ನೋದಕ್ಕೆ ಬರೋಣ. ವಿಡಿಯೋ ಕೆಳಗೆ ಡಿಸ್ಕ್ರಿಪ್ಶನ್ ತೆಗೆದು ನೋಡಿ, ಯುಪಿಐ ಐಡಿ ಹಾಕಿದ್ರೆ ಕಣ್ಮುಚ್ಚಿ ಅದಕ್ಕೇ ಹಾಕಿ. ಒಬ್ರಿಂದ ಒಬ್ರಿಗೆ ಯುಪಿಐ ಮಾಡಿದ್ರೆ ಚಾರ್ಜ್ ಇಲ್ಲ, ನೂರು ಹಾಕಿದ್ರೆ ನೂರೂ ಸೇರುತ್ತೆ. ಅದೇ ನೂರನ್ನ ಲೈಕ್ ಬಟನ್ ಪಕ್ಕದ ಥ್ಯಾಂಕ್ಸ್ ಒತ್ತಿ ಕೊಟ್ರೆ ಮೊದಲು ಟ್ಯಾಕ್ಸ್ ಹೋಗುತ್ತೆ, ಉಳಿದಿದ್ದರಲ್ಲಿ 70% ಚಾನೆಲ್‌ಗೆ, ಅಂದ್ರೆ 18% ಜಿಎಸ್‌ಟಿ ಆ ನೂರರ ಒಳಗೇ ಇದ್ರೆ ಸುಮಾರು 59 ರೂಪಾಯಿ. ಜಾಯಿನ್ ಬಟನ್ ಒತ್ತಿ ಮೆಂಬರ್ ಆದ್ರೂ ಇದೇ 70%. ಐಫೋನ್ ಇರೋರು ಇದನ್ನೆಲ್ಲ ಆ್ಯಪ್ ಒಳಗೆ ಮಾಡ್ಬೇಡಿ, ಬ್ರೌಸರಲ್ಲಿ ಮಾಡಿ, ಆ್ಯಪ್ ಒಳಗೆ ಮಾಡಿದ್ರೆ ಆ್ಯಪಲ್‌ನವರ ಫೀಸ್ ಕೂಡ ಕಟ್ ಆಗುತ್ತೆ. ದುಡ್ಡು ಕಟ್ಟಿ ಆಡ್ ಇಲ್ಲದೇ ನೋಡೋ ಯೂಟ್ಯೂಬ್ ಪ್ರೀಮಿಯಂ ತಗೊಂಡಿದ್ರೆ, ಪ್ರೀಮಿಯಂನವರು ಯಾವ ಚಾನೆಲನ್ನ ಎಷ್ಟು ಹೊತ್ತು ನೋಡಿದ್ರು ಅನ್ನೋದರ ಮೇಲೆ ದುಡ್ಡು ಹಂಚಿಕೆ ಆಗುತ್ತೆ, ಏನೂ ಇಲ್ಲದೇ ಇರೋದಕ್ಕಿಂತ ವಾಸಿ ಅಷ್ಟೇ.

ಎಷ್ಟು ಕೊಡ್ಬೇಕು ಅಂತ ತುಂಬಾ ಜನ ಕೇಳ್ತಾರೆ. ಒಂದೇ ಸಲ ಸಾವಿರ ಹಾಕಿ ಮರೆತುಬಿಡೋದಕ್ಕಿಂತ ತಿಂಗಳು ತಿಂಗಳು ಐವತ್ತು ಹಾಕೋದು ಒಳ್ಳೇದು ಅಂತ ನಂಗನ್ಸುತ್ತೆ, ಮುಂದಿನ ತಿಂಗಳು ಇಷ್ಟು ಬರುತ್ತೆ ಅಂತ ಗೊತ್ತಿದ್ರೆ ತಾನೇ ಅವರು ಒಂದು ಒಳ್ಳೇ ಮೈಕ್ ತಗೊಳ್ಳೋಕೆ ಧೈರ್ಯ ಮಾಡೋದು? ಕಾಲೇಜು ಓದ್ತಿರೋರು, ಕೆಲಸ ಇಲ್ದಿರೋರು ಕೊಡ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಫ್ರೀ ಇಟ್ಟಿರೋದೇ ನೀವು ನೋಡ್ಲಿ ಅಂತ.

ದುಡ್ಡು ಕೊಡೋಕಾಗದಿದ್ರೂ ಒಂದು ಕೆಲಸ ಮಾತ್ರ ಮಾಡ್ಬೇಡಿ, ವಿಡಿಯೋ ಡೌನ್‌ಲೋಡ್ ಮಾಡಿ ಕಟ್ ಮಾಡಿ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕೋದು. ಅಲ್ಲಿ ಸಾವಿರ ಜನ ನೋಡಿದ್ರೂ ಮಾಡಿದವರಿಗೆ ಒಂದು ವ್ಯೂ ಇಲ್ಲ, ವಾಚ್ ಅವರ್ ಇಲ್ಲ, ಹೆಸರೂ ಇಲ್ಲ. ಲಿಂಕ್ ಕಳ್ಸಿ.

ಇನ್ನು ಅಪಾರ್ಟ್‌ಮೆಂಟ್ ರಾಜ್ಯೋತ್ಸವ ಮಾಡೋರು, ಊರಾಚೆ ಕನ್ನಡ ಸಂಘ ನಡೆಸೋರು ಇದನ್ನ ಓದ್ತಿದ್ರೆ ನಿಮಗೂ ಒಂದು ಮಾತು: ಇವರನ್ನ ಕಾರ್ಯಕ್ರಮಕ್ಕೆ ಕರೆದಾಗ, ಜೂಮಲ್ಲಿ ಒಂದು ಗಂಟೆ ಮಾತಾಡ್ಸೋದಾದ್ರೂ ಸರಿ, ಶಾಮಿಯಾನಾಗೂ ಊಟಕ್ಕೂ ಬಜೆಟ್ ಬರೆಯೋವಾಗ್ಲೇ ಇವರ ಫೀಸ್ ಕೂಡ ಬರ್ಕೊಳ್ಳಿ, ಎಷ್ಟು ಅಂತ ಫೋನ್ ಮಾಡಿದಾಗ ನೀವೇ ಮೊದಲು ಹೇಳಿ, ಯಾಕಂದ್ರೆ ಅವರಾಗೇ ಕೇಳೋದು ತುಂಬಾ ಕಷ್ಟ.